ಏಳನೇ ಸಲದ ಹೊಳಪು

ಹೊಳೆದಂಡೆಯ ಆ ಆಶ್ರಮದಲ್ಲಿ ದನವಿಲ್ಲದ ಒಂದು ಕೊಟ್ಟಿಗೆ ಇತ್ತು. ಕೊಟ್ಟಿಗೆಯಲ್ಲಿ ಒಂದು ಮೋಟಾರ್ ಸೈಕಲ್ಲು, ಅದರ ಮುಂದೆ ಕುಕ್ಕರುಗಾಲಲ್ಲಿ ಶಿಷ್ಯ ಚನ್ನಮಲ್ಲ. ಎಂಟು ತಿಂಗಳಿಂದ ಗಾಡಿಯೂ ಕದಲಿರಲಿಲ್ಲ, ಅವನೂ ಕದಲಿರಲಿಲ್ಲ.

ಗಾಡಿ ಅವನ ಮಾಮನದು, ಅಂದರೆ ಅಕ್ಕನ ಗಂಡನದು. ಚನ್ನಮಲ್ಲ ಹೇಳದೆ ಕೇಳದೆ ತಂದಿದ್ದ, ಕುಡಿದು ಓಡಿಸಿ ಬಿದ್ದಿದ್ದ. ಟ್ಯಾಂಕಿನ ಬಣ್ಣವೆಲ್ಲ ಕಿತ್ತುಹೋಗಿತ್ತು. ಅಕ್ಕನಿಗೆ ಫೋನಿನಲ್ಲಿ ಹೇಳಿದ್ದೇ ಬೇರೆ. ಗಾಡಿ ಕೆಟ್ಟಿದೆ, ರಿಪೇರಿಗೆ ಬಿಟ್ಟಿದ್ದೇನೆ, ಸರಿಯಾದ ಕೂಡಲೇ ತರುತ್ತೇನೆ ಎಂದಿದ್ದ.

"ಗಾಡಿ ಹಾಳಾಗಿ ಹೋಗ್ಲಿ, ನೀ ಬಾರೋ ತಮ್ಮಾ," ಅನ್ನುತ್ತಿದ್ದಳು ಅಕ್ಕ, ಪ್ರತಿ ಸಲವೂ.

"ಮುಂದಿನ ವಾರ," ಅನ್ನುತ್ತಿದ್ದ ಇವನು.

ಹಳೇ ಬಣ್ಣವನ್ನು ಎಮರಿ ಕಾಗದದಲ್ಲಿ ಉಜ್ಜಿ ತೆಗೆಯುತ್ತಿದ್ದ. ತಳಕ್ಕೆ ಪ್ರೈಮರ್ ಹೊಡೆದು, ಕೆಂಪು ಬಣ್ಣ ಹೊಡೆದು, ಕೊನೆಗೆ ಹೊಳಪಿಗೆಂದು ಮೇಲೆ ಕ್ಲಿಯರ್ ಕೋಟ್ ಹೊಡೆಯುತ್ತಿದ್ದ. ಒಣಗಿದ ಮೇಲೆ ನೋಡಿದರೆ ಎಲ್ಲೋ ಒಂದು ಧೂಳಿನ ಕಣ. ಮತ್ತೆ ಎಮರಿ ಕಾಗದ ಹಿಡಿದು ಮೊದಲಿಂದ ಶುರು. ಒಮ್ಮೆ ಸೊಳ್ಳೆ ಅಂಟಿತು. ಇನ್ನೊಮ್ಮೆ ಅವಸರಕ್ಕೆ ದಪ್ಪಗೆ ಹೊಡೆದು ಬಣ್ಣ ಕೆಳಗಿಳಿಯಿತು. ಅವನ ರಟ್ಟೆ ಬಿದ್ದುಹೋಗಿತ್ತು. ಬೆರಳತುದಿ ಸವೆದು, ಸಾರನ್ನ ಕಲಸಿದರೂ ಉರಿಯುತ್ತಿತ್ತು.

ಏಳನೇ ಸಲ ಧೂಳು ಏಳದಂತೆ ನೆಲಕ್ಕೆ ನೀರು ಚಿಮುಕಿಸಿ, ಸುತ್ತಲೂ ಒದ್ದೆ ಪಂಚೆ ಕಟ್ಟಿದ. ಗುರುಗಳ ಪಂಚೆಯನ್ನೂ ಬಿಡಲಿಲ್ಲ. ಪಾಪ, ಅವರು ಸೊಂಟಕ್ಕೊಂದು ಟವೆಲು ಸುತ್ತಿಕೊಂಡು ಹೊರಗೆ ಬಿಸಿಲಿಗೆ ಕೂತರು.

ಕ್ಲಿಯರ್ ಕೋಟ್ ಹೊಡೆದು ಮುಗಿಯುವ ಹೊತ್ತಿಗೆ ಗುರುಗಳು ಮೊಣಕಾಲು ಹಿಡಿದುಕೊಂಡು ಮೆಲ್ಲಗೆ ಒಳಗೆ ಬಂದರು.

"ಆತೇನಪ್ಪಾ?"

"ಆದಂಗ ಆತ್ರಿ ಅಜ್ಜಾರ. ಆದ್ರ ಆ ಅಂಚಿನ್ಯಾಗ ಏನೋ ಕಾಣಸ್ತೈತಿ. ಒಣಗಿದ ಮ್ಯಾಲೆ ಇನ್ನೊಂದ್ಸಲ ಉಜ್ತೀನ್ರಿ."

ಗುರುಗಳು ಬಗ್ಗಿ ನೋಡಿದರು. "ಅಲ್ಲೇನೂ ಇಲ್ಲಲ್ಲೋ."

"ನಮ್ಮ ಮಾಮನ ಕಣ್ಣಿಗೆ ಬೀಳತೈತ್ರಿ."

"ನಿನಗ ದಣಿವಾಗಿಲ್ಲೇನು?"

ಎಂಟು ತಿಂಗಳಲ್ಲಿ ಯಾರೂ ಕೇಳದಿದ್ದ ಮಾತು. ಚನ್ನಮಲ್ಲನ ಕಣ್ಣು ತುಂಬಿಬಂತು.

"ಭಾಳ ದಣಿದೀನ್ರಿ. ಆದ್ರ ಒಂದು ಕಲೆ ಸೈತ ಇರಬಾರ್ದು. ಕಲೆ ಕಂಡ್ರ ಇದು ಹೆಂಗಾತು ಅಂತ ಕೇಳ್ತಾರ."

"ಕೇಳಿದ್ರ?"

ಚನ್ನಮಲ್ಲ ಮತ್ತೆ ಆ ಅಂಚಿನ ಕಡೆ ಬಗ್ಗಿದ. ಕೇಳಿದರೆ, ಕುಡಿದು ಬಿದ್ದದ್ದನ್ನೇ ಹೇಳಬೇಕಾಗುತ್ತಿತ್ತು.

ಗುರುಗಳು ಇನ್ನೊಂದು ಹೆಜ್ಜೆ ಮುಂದೆ ಬಂದರು. ತಮ್ಮ ಬಲಗೈ ಹೆಬ್ಬೆರಳನ್ನು ಹಸಿ ಟ್ಯಾಂಕಿನ ನಟ್ಟನಡುವೆ ಒತ್ತಿ, ಎತ್ತಿದರು. ಬೆರಳಿನ ಗೆರೆಗೆರೆಯೂ ಅಲ್ಲಿ ಮೂಡಿತ್ತು.

ಚನ್ನಮಲ್ಲನ ಕೈ ತಾನಾಗಿ ಎಮರಿ ಕಾಗದ ಹಿಡಿಯಿತು.

ಗುರುಗಳು ಆ ಕಾಗದವನ್ನು ಅವನ ಕೈಯಿಂದ ಬಿಡಿಸಿ, ಮಡಚಿ, ತಮ್ಮ ಸೊಂಟದ ಟವೆಲಿಗೆ ಸಿಕ್ಕಿಸಿಕೊಂಡರು.

"ಎರಡು ದಿನ ಒಣಗ್ಲಿ, ಆಮ್ಯಾಲೆ ಹೊರಡು," ಎಂದರು. "ಇದು ಹೆಂಗಾತು ಅಂತ ಕೇಳಿದ್ರ, ನಮ್ಮ ಆಶ್ರಮದ ಅಜ್ಜನ ತಪ್ಪು ಅನ್ನು. ನಂದು ಹೇಳಿ ಆದ ಮ್ಯಾಲೆ, ನಿಂದು ಹೇಳು."