ಕಡಲೆಕುಣಿ ಬಂಡೆ

ಹಿರೇಮಟ್ಟಿಯ ಬಡಗಣ ಗುಡ್ಡ ಹತ್ತುವವರಿಗೆ ಅರ್ಧ ದಾರಿಯಲ್ಲಿ ಅಂಗಳದಷ್ಟು ಅಗಲದ ಕರಿಬಂಡೆಯೊಂದು ಸಿಗುತ್ತದೆ. ಅದರ ನಡುವೆ ಬೊಗಸೆ ಕಡಲೆ ಹಿಡಿಸುವ ನುಣುಪಾದ ಕುಣಿ. ಪಕ್ಕದಲ್ಲಿ ಕಲ್ಲು ಪೇರಿಸಿ ಮುಚ್ಚಿದ ಹಳೆಯ ಗವಿಬಾಯಿ. ದೇವರಿಲ್ಲ, ಗುಡಿಯಿಲ್ಲ, ಪೂಜಾರಿಯಂತೂ ಇಲ್ಲವೇ ಇಲ್ಲ. ಆದರೂ ಸುತ್ತಲಿನ ಬಸುರಿಯರು ಇಲ್ಲಿಗೆ ಬರುವುದು ತಪ್ಪಿಲ್ಲ.

ಹಿಂದೆ ಒಮ್ಮೆ ಆ ಗವಿಯಲ್ಲಿ ಬೂದುಬಣ್ಣದ ಸಿಹಿಮಣ್ಣು ಸಿಗುತ್ತಿತ್ತು ಎನ್ನುತ್ತಾರೆ. ಬಸುರಿಯರಿಗೆ ಮಣ್ಣು ತಿನ್ನುವ ಬಯಕೆ ಎಲ್ಲೂ ಇದ್ದದ್ದೇ. ಹಿರೇಮಟ್ಟಿಯಲ್ಲಿ ಮಾತ್ರ ಅದೊಂದು ಶಾಸ್ತ್ರವೇ ಆಗಿತ್ತು. ಅತ್ತೆಯಾದವಳು ಆ ಮಣ್ಣಿನ ಉಂಡೆ ಕಟ್ಟಿ ಸೊಸೆಯ ಉಡಿಗೆ ಹಾಕಬೇಕು, ದಿನಕ್ಕೊಂದು ತಿನ್ನಿಸಬೇಕು. ಊರಿನ ಸೂಲಗಿತ್ತಿ ಕೆಂಚವ್ವನೂ ಸೊಸೆ ದ್ಯಾಮವ್ವನಿಗೆ ಹಾಗೆಯೇ ಮಾಡಿದ್ದಳು. ಮೊಮ್ಮಗಳು ಪಾರಿ ಹುಟ್ಟಿದಳು. ವರುಷ ನಾಲ್ಕಾದರೂ ಅವಳಿಗೆ ಮುಂದಿನ ಹಲ್ಲುಗಳು ಬರಲಿಲ್ಲ. ಊರಲ್ಲಿ ಅಂಥ ಮಕ್ಕಳು ಮನೆಗೊಂದಿದ್ದವು, ಆದರೂ ಎಲ್ಲರೂ ಬೆರಳು ತೋರಿಸುತ್ತಿದ್ದದ್ದು ಆಯಾ ಮನೆಯ ಸೊಸೆಯ ಕಡೆಗೇ. ದ್ಯಾಮವ್ವ ಮತ್ತೆ ಬಸುರಾದಾಗ ಹಿರಿಯರು ಕಟ್ಟೆಯ ಮೇಲೆ ಕೂತು ತೀರ್ಪು ಕೊಟ್ಟರು: ಇನ್ನೊಂದು ಬೊಚ್ಚುಬಾಯಿ ಹುಟ್ಟಿದರೆ ಇವಳನ್ನು ತವರಿಗೆ ಕಳಿಸತಕ್ಕದ್ದು.

ಸೊಸೆಯೆಂದರೆ ಕೆಂಚವ್ವನಿಗೆ ಜೀವ. ಅವಳಿಗೆ ಅನ್ನ ಸೇರದಂತಾಯಿತು. ಆ ದಿನಗಳಲ್ಲೇ ಹೊಳೆಯಾಚೆಗೆ ಕೊಟ್ಟಿದ್ದ ಮಗಳು ನಿಂಗವ್ವ ತನ್ನ ಮೂರು ಮಕ್ಕಳೊಂದಿಗೆ ಬಂದಳು. ಮೂವರೂ ಕಬ್ಬನ್ನು ಹಲ್ಲಿನಿಂದಲೇ ಸಿಗಿದು ತಿನ್ನುತ್ತಿದ್ದರು. ಕೆಂಚವ್ವ ಒಬ್ಬೊಬ್ಬರ ಬಾಯಿ ತೆರೆಸಿ ಬೆರಳಾಡಿಸಿ ನೋಡಿದಳು. ಸಣ್ಣವಳು ಅಜ್ಜಿಯ ಬೆರಳನ್ನೇ ಕಚ್ಚಿಬಿಟ್ಟಳು.

"ನಿನಗ ಅಲ್ಲಿ ಸಿಹಿಮಣ್ಣು ಯಾರ ಕೊಡತಿದ್ರು?" ಎಂದು ಮಗಳನ್ನು ಕೇಳಿದಳು.

"ಅಲ್ಲೆಲ್ಲೈತಿ ಬೇ ಆ ಮಣ್ಣು? ಬಾಯಿ ಬಯಸಿದಾಗೆಲ್ಲ ಹುರಿಗಡಲಿ ತಿಂದೆ," ಎಂದು ನಿಂಗವ್ವ ನಕ್ಕಳು.

ಕೆಂಚವ್ವ ನಗಲಿಲ್ಲ. ನೆಟ್ಟಗೆ ಕಟ್ಟೆಗೆ ಹೋಗಿ ಹಿರಿಯರ ಮುಂದೆ ನಿಂತಳು. "ತಪ್ಪು ನನ್ನ ಸೊಸೀದಲ್ರೀ, ನಂದು. ಆ ಮಣ್ಣು ತಿನಿಸಿದಾಕಿ ನಾನ."

ಮುದುಕಿಗೆ ಅರಳು ಮರಳು ಎಂದು ಅವರು ನಕ್ಕರು. ಕೆಂಚವ್ವ ದಿನಾ ಬೆಳಗ್ಗೆ ಗುಡ್ಡ ಹತ್ತಿ ಗವಿಬಾಯಿಗೆ ಕಲ್ಲು ಪೇರಿಸತೊಡಗಿದಳು. ಜೊತೆಗೆ ಬಂದ ದ್ಯಾಮವ್ವನ ಬಾಯಿ ಮಣ್ಣು ಬೇಡಿದಾಗೆಲ್ಲ ಉಡಿಗೆ ಹುರಿಗಡಲೆ ಸುರಿದಳು. ಪಾರಿಗೆ ಅದನ್ನು ಕಡಿಯಲಾಗದು, ಅಜ್ಜಿಗೂ ಆಗದು. ಬಂಡೆಯ ಮೇಲೆ ಬೆಲ್ಲ ಸೇರಿಸಿ ಕುಟ್ಟಿ, ಬೊಚ್ಚುಬಾಯಿಗಳಿಬ್ಬರೂ ಹಂಚಿಕೊಂಡು ಮೆಲ್ಲುತ್ತಿದ್ದರು.

ದ್ಯಾಮವ್ವ ಗಂಡು ಹೆತ್ತಳು. ಎಂಟನೆಯ ತಿಂಗಳಿಗೆ ಅವನ ಒಸಡಿನಲ್ಲಿ ಅಕ್ಕಿಕಾಳಿನಂತೆ ಎರಡು ಹಲ್ಲು ಕಂಡವು. ಆಮೇಲೆ ತವರಿನ ಮಾತು ಯಾರೂ ಎತ್ತಲಿಲ್ಲ. ಊರ ಹೆಂಗಸರು ತಾವೂ ಒಂದೊಂದು ಕಲ್ಲು ಹೊತ್ತು ತಂದು ಗವಿಬಾಯಿಗೆ ಹಾಕಿದರು. ಪಾರಿಗೆ ಮಾತ್ರ ಆ ಹಲ್ಲು ಕಡೆಗೂ ಬರಲಿಲ್ಲ. ಕೆಂಚವ್ವ ಬದುಕಿರುವ ತನಕ ಅವಳಿಗೆ ಕಡಲೆ ಕುಟ್ಟಿಕೊಟ್ಟಳು. ಕುಟ್ಟಿ ಕುಟ್ಟಿ ಬಂಡೆಯೇ ಸವೆದು ಕುಣಿಯಾಯಿತು ಎನ್ನುತ್ತಾರೆ.

ಇಂದಿಗೂ ಬಸುರಿ ಸೊಸೆಯನ್ನು ಕರೆದುಕೊಂಡು ಅತ್ತೆ ಇಲ್ಲಿಗೆ ಬರುತ್ತಾಳೆ. ಗವಿಬಾಯಿಗೆ ಒಂದು ಕಲ್ಲಿಟ್ಟು, ಕುಣಿಯಲ್ಲಿ ಕಡಲೆ ಕುಟ್ಟಿ, ಸೊಸೆಯ ಉಡಿಗೆ ಹಾಕುವ ಮುನ್ನ "ತಪ್ಪಿದ್ದರ ನಂದವ್ವ" ಅನ್ನಬೇಕು. ವರುಷವಿಡೀ ಸೊಸೆಯ ಮೇಲೆ ಹರಿಹಾಯುವ ಅತ್ತೆಯೂ ಅಷ್ಟು ಮಾತು ಅಂದೇ ಗುಡ್ಡ ಇಳಿಯುತ್ತಾಳೆ.