ತೋಂಟಪ್ಪ ಪ್ಲಗ್ಗು ಬಿಚ್ಚಿದ್ದು

ನಲವತ್ತು ಸಾವಿರಕ್ಕೆ ಮಾತಾಗಿತ್ತು. ಕಾರು ಕಣ್ಣೆದುರಿಗೆ ಸ್ಟಾರ್ಟ್ ಆದರೆ ನಲವತ್ತು, ಆಗದಿದ್ದರೆ ಗುಜರಿಯವನು ಕೊಡುವ ಏಳು. ಅರಸೀಕೆರೆಯ ಕಲ್ಲೇಶಪ್ಪ ನಾಳೆ ಬೆಳಿಗ್ಗೆ ದುಡ್ಡು ತಗೊಂಡೇ ಬರ್ತೀನಿ ಅಂದಿದ್ದ.

ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ ಮಾಡುವ ರುದ್ರಾಣಮ್ಮನಿಗೆ ಇದ್ದದ್ದು ಒಂದು ಹಳೇ ಅಂಬಾಸಿಡರ್, ಒಬ್ಬ ಮಗ. ಎರಡೂ ಗಂಡ ಬಿಟ್ಟುಹೋದದ್ದು. ಎರಡೂ ತಳ್ಳದೆ ಮುಂದೆ ಹೋಗುತ್ತಿರಲಿಲ್ಲ. ಕಾರು ಮಾರಿ ಪಕ್ಕದ ಮಳಿಗೆಗೆ ಮೂವತ್ತೈದು ಸಾವಿರ ಮುಂಗಡ ಕೊಟ್ಟು ಅಂಗಡಿ ದೊಡ್ಡದು ಮಾಡಬೇಕು ಅನ್ನೋದು ಅವಳ ಲೆಕ್ಕ. ಮಗ ತೋಂಟಪ್ಪನನ್ನು ಮಾರುವ ಹಾಗಿರಲಿಲ್ಲ. ಕೊಳ್ಳುವವರೂ ಇರಲಿಲ್ಲ.

ಎಂಜಿನ್ನಿನ ನಾಲ್ಕೂ ಪ್ಲಗ್ಗು ಬದಲಾಯಿಸಬೇಕಿತ್ತು. ಮೂರು ಬಂದವು. ನಾಲ್ಕನೆಯದು ತುಕ್ಕು ಹಿಡಿದು ಕಚ್ಚಿಕೊಂಡಿತ್ತು.

"ಲೋ ತೋಂಟ, ಬಲ ಹಾಕಿ ತಿರುಗಿಸೋ!"

"ಅಷ್ಟೇನಾ? ನೋಡ್ತಾ ಇರಮ್ಮ!"

ಸ್ಪ್ಯಾನರಿಗೆ ಕಬ್ಬಿಣದ ಪೈಪು ಸಿಕ್ಕಿಸಿ ಜೋತುಬಿದ್ದ. ಸ್ಪ್ಯಾನರ್ ಜಾರಿತು. ಟಕ್! ಪ್ಲಗ್ಗಿನ ಬಿಳೀ ಪಿಂಗಾಣಿ ತಲೆ ಮುರಿದು ಕೈಗೆ ಬಂತು.

"ಅಮ್ಮಾ, ಅರ್ಧ ಬಂತು!"

"ಅಯ್ಯೋ ನಿನ್ ಬುದ್ಧಿಗಿಷ್ಟು! ಕಚ್ಚಿಕೊಂಡಿದ್ದಕ್ಕೆ ಹೀಗೆ ಜೋತುಬೀಳ್ತಾರೇನೋ? ಎಣ್ಣೆ ಬಿಡಬೇಕು. ಎಣ್ಣೆ ಬಿಟ್ಟು ಸುಮ್ಮನೆ ಕೂತ್ಕೋಬೇಕು!"

"ಮೊದಲೇ ಹೇಳಿದ್ರೆ ಮಾಡ್ತಿರಲಿಲ್ವೇನಮ್ಮ?"

ಇನ್ನು ಇವನ ಕೈಲಿ ಆಗೋದಲ್ಲ ಅಂತ ರುದ್ರಾಣಮ್ಮ, "ಹೋಗು, ಮೆಕ್ಯಾನಿಕ್ ಗೌಸ್ ಸಾಬರನ್ನ ಕರ್ಕೊಂಡು ಬಾ" ಅಂತ ಅಟ್ಟಿದಳು.

ಗೌಸ್ ಸಾಬರು ಊಟ ಮಾಡಿ ಗ್ಯಾರೇಜಿನ ಒಳಗೇ ಚಿಲಕ ಹಾಕಿಕೊಂಡು ಮಲಗಿದ್ದರು. ತೋಂಟಪ್ಪ ಬಾಗಿಲು ನೂಕಿದ. ಬರಲಿಲ್ಲ. ಜಗ್ಗಿದ. ಬರಲಿಲ್ಲ. "ಓಹೋ, ಇದೂ ಕಚ್ಕೊಂಡಿದೆ!" ಅಂದ. ಹೊರಗೆ ಡಬ್ಬದಲ್ಲಿ ಸುಟ್ಟ ಆಯಿಲ್ ಇತ್ತು. ಬಾಗಿಲಿಗೆ ಮೇಲಿಂದ ಕೆಳಗೆ, ಹೊಸಿಲಿಗೆ ಅಡ್ಡಡ್ಡ, ಪೂರ್ತಿ ಸುರಿದ. ಮನೆಗೆ ಬಂದು ಸುಮ್ಮನೆ ಕೂತ.

"ಎಲ್ಲೋ ಗೌಸ್ ಸಾಬ್ರು?"

"ನೆನೀತಾ ಇದಾರಮ್ಮ. ತಾವೇ ಬರ್ತಾರೆ."

ಬಂದರು. ಬಾಗಿಲು ತೆಗೆದವರು ಹೊಸಿಲಿಂದ ಜಾರಿ ಬೀದಿ ಆಚೆಯ ಚರಂಡಿವರೆಗೆ ಹೋಗಿ, ಅಲ್ಲಿಂದ ಎದ್ದು ನೇರ ಇಲ್ಲಿಗೇ ಬಂದರು. ತಲೆಯಿಂದ ಕಾಲಿನವರೆಗೆ ಕರೀ ಆಯಿಲ್ಲು.

"ಅಮ್ಮಾ, ನಿಮ್ ಮಗ ನನ್ನ ಏನು ಬೋಂಡ ಅಂದ್ಕೊಂಡಿದ್ದಾನಾ?"

ರುದ್ರಾಣಮ್ಮ ಕೈ ಮುಗಿದಳು. ಸ್ನಾನ ಮಾಡಿ ಬರ್ತೀನಿ, ಕೂಲಿ ಮಾತ್ರ ಎರಡು ಸಾವಿರ, ಒಂದು ರೂಪಾಯಿ ಕಮ್ಮಿ ಇಲ್ಲ ಅಂತ ಹೇಳಿ ಅವರು ಹೋದರು. ಅವಳು ಮಗನ ಕಡೆ ತಿರುಗಿದಳು.

"ತೆಗೀದೇ ಇದ್ರೆ ತಟ್ಟಬೇಕು ಕಣೋ! ಒಳಗೆ ಯಾರಿದ್ದೀರಿ ಅಂತ ಕೂಗಬೇಕು! ತೆಗೆಯೋವರೆಗೂ ಬಿಡಬಾರದು!"

"ತಟ್ಟೋದು ತಾನೇ? ಅದರಲ್ಲಿ ನನ್ನ ಬಿಟ್ರೆ ಇಲ್ಲ."

ರುದ್ರಾಣಮ್ಮ ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಇಡೀ ಬೀದಿಗೆ ಸದ್ದು. ಢಣ್! ಢಣ್! ತೋಂಟಪ್ಪ ಬಾನೆಟ್ಟಿನೊಳಗೆ ಅರ್ಧ ಮೈ ಇಳಿಸಿ, ಮುರಿದ ಪ್ಲಗ್ಗಿನ ಮೇಲೆ ಸುತ್ತಿಗೆಯಲ್ಲಿ ಬಾರಿಸುತ್ತಿದ್ದ.

"ಒಳಗೆ ಯಾರಿದ್ದೀರಿ? ತೆಗೀರಿ! ನಾನು ರುದ್ರಾಣಮ್ಮನ ಮಗ!"

ಅವಳು ಸುತ್ತಿಗೆ ಕಿತ್ತುಕೊಂಡಳು. "ಕೊಬ್ಬರಿ ಮನೇಲಿ ಹುಟ್ಟಿ ಇಷ್ಟೂ ಗೊತ್ತಿಲ್ವೇನೋ? ಅಟ್ಟದ ಮೇಲೆ ಹಾಕಿದ ಕಾಯಿ ಚಿಪ್ಪು ಬಿಡೋಕೆ ಸುತ್ತಿಗೇಲಿ ಹೊಡೀತೀವಾ? ಕೆಳಗೆ ಹೊಗೆ ಹಾಕ್ತೀವಿ. ಕಾಯ್ತೀವಿ. ಕಿವಿ ಹತ್ರ ಹಿಡಿದು ಅಲ್ಲಾಡಿಸ್ತೀವಿ. ಲೊಡ ಲೊಡ ಅಂದ್ರೆ ಒಳಗೆ ಬಿಟ್ಟಿದೆ ಅಂತ. ಆಮೇಲೇ ಕೈ ಹಾಕೋದು!"

"ಹೊಗೆ, ಕಾಯೋದು, ಲೊಡ ಲೊಡ. ತಲೆಗೆ ಹೋಯ್ತಮ್ಮ."

ಸಂಜೆ ಗೌಸ್ ಸಾಬರು ಬಂದು ಸ್ಪ್ಯಾನರ್ ಇಟ್ಟು ಒಂದು ಸುತ್ತು ತಿರುಗಿಸಿದರೆ, ಪ್ಲಗ್ಗು ಬಂದೇ ಬಿಟ್ಟಿತು! "ಏಟಿಗೆ ತುಕ್ಕೆಲ್ಲ ಉದುರಿದೆ" ಅಂದರು. ಹಾಗಂತ ಕೂಲಿ ಉದುರಲಿಲ್ಲ. ಹೊಸ ಪ್ಲಗ್ಗು ಕೂತಿತು, ಎಂಜಿನ್ ಗುರುಗುಟ್ಟಿತು.

ಬೆಳಿಗ್ಗೆ ಕಲ್ಲೇಶಪ್ಪ ಬಂದ. ಮುಂದೆ ಹೊಟ್ಟೆ, ಹಿಂದೆ ಕಲ್ಲೇಶಪ್ಪ. ಹೇಗೋ ನುಸುಳಿ ಸ್ಟೇರಿಂಗಿನ ಹಿಂದೆ ಕೂತು ಸ್ಟಾರ್ಟ್ ಮಾಡಿದ. ಒಂದೇ ಸಲಕ್ಕೆ ಆಯಿತು. ಆದರೆ ವ್ಯಾಪಾರಸ್ಥ ಅಷ್ಟಕ್ಕೆ ಬಿಡುತ್ತಾನೆಯೇ?

"ಟೈರು ಸವೆದಿದೆ. ಸೀಟು ಹರಿದಿದೆ. ಮೂವತ್ತೈದು ಮಾಡ್ಕೊಳ್ಳಿ ಅಮ್ಮ."

ಮೂವತ್ತೈದರಲ್ಲಿ ಗೌಸ್ ಸಾಬರ ಎರಡು ಕಳೆದರೆ ಮಳಿಗೆ ಕೈಬಿಟ್ಟ ಹಾಗೆ. ರುದ್ರಾಣಮ್ಮ ಸೋಲಲಿಲ್ಲ. "ಆಡಿದ ಮಾತು ನಲವತ್ತು, ಯಜಮಾನ್ರೇ!"

"ಹಾಗಾದ್ರೆ ಬೇಡ ಬಿಡಿ, ಇಳೀತೀನಿ" ಅಂದ ಕಲ್ಲೇಶಪ್ಪ. ಆದರೆ ಇಳಿಯಲಾಗಲಿಲ್ಲ. ಹೊಟ್ಟೆ ಸ್ಟೇರಿಂಗಿಗೆ ಕಚ್ಚಿಕೊಂಡಿತ್ತು.

ಕಾಫಿ ಕುಡಿಸಿ ಮೆತ್ತಗೆ ಮಾಡೋಣ ಅಂತ ರುದ್ರಾಣಮ್ಮ ಒಳಗೆ ನಡೆದಳು. "ಅಷ್ಟರಲ್ಲಿ ಅವರನ್ನ ಇಳಿಸೋ. ಬಲ ಹಾಕ್ಬೇಡ, ಹುಷಾರು!"

ತೋಂಟಪ್ಪ ಬಾಣಲೆ ತಂದ. ಕಾಯಿಸಿಪ್ಪೆ ತುಂಬಿದ. ಬೆಂಕಿ ತಾಗಿಸಿ, ತೆರೆದ ಕಿಟಕಿಯ ಕೆಳಗೆ ಇಟ್ಟು ಬೀಸಣಿಗೆ ಬೀಸತೊಡಗಿದ. ಹೊಗೆಯೆಂದರೆ ಹೊಗೆ!

"ಏಯ್! ಏನಯ್ಯ ಇದು?" ಕಲ್ಲೇಶಪ್ಪ ಕೆಮ್ಮಿದ.

"ಬಿಡಿಸ್ತಾ ಇದೀನಿ, ಯಜಮಾನ್ರೇ."

"ಎಷ್ಟು ಹೊತ್ತಯ್ಯ?"

"ಕಾಯಿಗಾದ್ರೆ ಹತ್ತು ತಿಂಗಳು. ನೀವು ಗಾತ್ರ ಇದೀರಿ. ಒಂದು ವರ್ಷ ಅಂದ್ಕೊಳ್ಳಿ."

ಕಿಟಕಿಯೊಳಗೆ ತಲೆ ತೂರಿಸಿ, ಕಲ್ಲೇಶಪ್ಪನ ಎರಡೂ ಭುಜ ಹಿಡಿದು ಗಡಗಡ ಅಲ್ಲಾಡಿಸಿ, ಹೊಟ್ಟೆಗೆ ಕಿವಿ ಇಟ್ಟ.

"ಸದ್ದೇ ಇಲ್ಲ! ಇನ್ನೂ ಹಸಿ!" ಮತ್ತೆರಡು ಹಿಡಿ ಸಿಪ್ಪೆ ಹಾಕಿದ.

"ರುದ್ರಾಣಮ್ಮಾ! ನಲವತ್ತೇ ತಗೊಳ್ಳಿ! ಮೊದಲು ಇವನನ್ನ ಹಿಡ್ಕೊಳ್ಳಿ!"

ಅವಳು ಕಾಫಿ ಲೋಟ ಹಿಡಿದು ಬಂದಾಗ ಕಲ್ಲೇಶಪ್ಪ ಕಣ್ಣೊರೆಸಿಕೊಂಡು ನೋಟು ಎಣಿಸುತ್ತಿದ್ದ. ಕಂತೆಯನ್ನು ಕಿಟಕಿಯಿಂದ ಎಸೆದು, ಇಳಿಯುವ ಯೋಚನೆಯನ್ನೇ ಬಿಟ್ಟು, ಗೇರ್ ಹಾಕಿದವನು ಹಿಂದೆ ತಿರುಗಿ ನೋಡಲಿಲ್ಲ. ಕಾರು ಹೋಯಿತು. ಹಿಂದೆ ದಟ್ಟ ಹೊಗೆ.

"ಇದೇನೋ, ಎಂಜಿನ್ ಸುಡ್ತಾ ಇದೆಯಾ?" ರುದ್ರಾಣಮ್ಮ ಗಾಬರಿಯಾದಳು.

"ಇಲ್ಲಮ್ಮ. ಅವರು ನೋಟು ಎಣಿಸ್ತಿದ್ದಾಗ ಬಾಣಲೇನ ತಂತೀಲಿ ಹಿಂದಿನ ಬಂಪರಿಗೆ ಕಟ್ಟಿದೆ. ಅರಸೀಕೆರೆವರೆಗೂ ಹೊಗೆ ಬೇಕಲ್ಲ, ಹಸಿ ಕಾಯಿ!"

ಬೈಯಲು ತೆರೆದ ಬಾಯಿಯನ್ನು ರುದ್ರಾಣಮ್ಮ ಮುಚ್ಚಿದಳು. ಕಂತೆ ಎರಡು ಸಲ ಎಣಿಸಿದಳು. ನಲವತ್ತು. ಗೌಸ್ ಸಾಬರಿಗೆ ಎರಡು, ಮಳಿಗೆಗೆ ಮೂವತ್ತೈದು. ಉಳಿದದ್ದು ಮೂರು ಸಾವಿರ, ಒಂದು ಬಾಣಲೆ ಕಮ್ಮಿ.