ಬೆನ್ನು ತೋರಿಸಿದ ಫ್ಯಾನು

ಒಂದಾನೊಂದು ಊರಿನಲ್ಲಿ, ಉಸ್ಸಾಪುರ ಅಂತ ಅದರ ಹೆಸರು, ಎದುರಪ್ಪರಾಜ ಅಂತ ಒಬ್ಬ ರಾಜನಿದ್ದ. ರಾಜ ಅಂದಮೇಲೆ ಒಂದು ಕಾನೂನಾದರೂ ಮಾಡಬೇಕಲ್ಲ, ಅವನೂ ಒಂದು ಮಾಡಿದ. ರಾಜನ ಮುಖಕ್ಕೆ ಯಾರೂ ಬೆನ್ನು ತೋರಿಸಕೂಡದು. ಅಷ್ಟಕ್ಕೇ ಸುಸ್ತಾಗಿ ಇನ್ನೊಂದು ಕಾನೂನು ಮಾಡಲಿಲ್ಲ.

ಒಂದೇ ಸಾಕಾಯಿತು. ಅರಮನೆಗೆ ಬಂದವರು ವಾಪಸು ಹೋಗಬೇಕಾದರೆ ಹಿಂದು ಹಿಂದಕ್ಕೆ ನಡೆಯಬೇಕು. ಹಿಂದೆ ಕಣ್ಣಿಲ್ಲ. ಬಾಗಿಲಲ್ಲಿ ಒಳಗೆ ಬರುವವರಿಗೆ ಡಿಕ್ಕಿ ಹೊಡೆಯುತ್ತಿದ್ದರು. ಆಗ ದಾರಿ ಯಾರು ಬಿಡಬೇಕು? ಬರುವವನು ರಾಜನನ್ನು ನೋಡಲು ಬರುತ್ತಿದ್ದಾನೆ, ಹೋಗುವವನು ರಾಜನನ್ನು ಬಿಟ್ಟು ಹೋಗುತ್ತಿದ್ದಾನೆ. ಆದ್ದರಿಂದ ಹೋಗುವವನೇ ಬಿಡಬೇಕು. ಹೋಗುವವನು ಬಿಟ್ಟ, ಒಬ್ಬ ಬಂದ. ಮತ್ತೆ ಬಿಟ್ಟ, ಮತ್ತೊಬ್ಬ ಬಂದ. ಹೀಗೆ ಬಂದವರೆಲ್ಲ ಒಳಗೇ ಉಳಿದರು. ರಾಜನಿಗೆ ಕ್ಷೌರ ಮಾಡಲು ಬಂದವನ ಗಡ್ಡ ಅವನ ಮೊಣಕಾಲು ಮುಟ್ಟಿತ್ತು. ಹಾಲು ಹಾಕಲು ಬಂದ ಹುಡುಗಿ ಒಳಗೇ ಮದುವೆಯಾಗಿ, ಒಳಗೇ ಬಾಣಂತನ ಮುಗಿಸಿದ್ದಳು. ಅವಳ ಮಗು ‘ಹೊರಗೆ’ ಅಂದರೆ ಯಾವ ತಿಂಡಿ ಅಂತ ಕೇಳುತ್ತಿತ್ತು. ಅಷ್ಟು ಜನರ ಉಸಿರಿಗೆ ಅರಮನೆ ಇಡ್ಲಿ ಪಾತ್ರೆಯ ಹಾಗೆ ಹಬೆಯಾಡುತ್ತಿತ್ತು.

ರಾಜನಿಗೆ ಇದರ ಪರಿವೆಯೇ ಇಲ್ಲ. ಅವನ ಮುಂದೆ ಒಂದು ಕಂಪ್ಯೂಟರು. ಅದರ ಪೆಟ್ಟಿಗೆ ಕರುವಿನಷ್ಟು ಎತ್ತರ. ಅದರಲ್ಲಿ ರಾಜ ಒಬ್ಬನೇ ಆಡುವ ಇಸ್ಪೀಟು ಆಡುತ್ತಿದ್ದ. ರಾಜ್ಯಭಾರ ಅಂದರೆ ಅದೇ. ಎಲ್ಲ ಎಲೆ ಕೂತು, ಕಳಾವರ್ ರಾಣಿ ಒಬ್ಬಳು ಕೂತರೆ ಆಟ ಗೆದ್ದ ಹಾಗೆ. ಸರಿಯಾಗಿ ಆ ಗಳಿಗೆಗೆ ಪೆಟ್ಟಿಗೆ ಕೆಂಡವಾಗಿ, “ಬುದ್ಧೀ, ತಲೆ ಸುತ್ತುತಾ ಐತೆ,” ಅಂದು ಮೂರ್ಛೆ ಹೋಗುತ್ತಿತ್ತು. ಪರದೆ ಕಪ್ಪು. ರಾಜ ಮತ್ತೆ ಮೊದಲಿಂದ ಎಲೆ ಕಲಸಬೇಕು.

ಪೆಟ್ಟಿಗೆಯ ನಟ್ಟ ನಡುವೆ ಒಂದು ಪುಟ್ಟ ಬಿಲ್ಲೆ. ಲೆಕ್ಕ ಹಾಕುವುದೂ ಅದೇ, ಬಿಸಿಯಾಗುವುದೂ ಅದೇ. ರಾಜ ಅದರ ಮೇಲೆ ತನ್ನ ಮುಖ ಕೆತ್ತಿಸಿದ್ದ. ಎಡವಟ್ಟಾದದ್ದು ಅಲ್ಲೇ. ರಾಜನ ಮುಖ ಇದ್ದ ಕಡೆ ಕಾನೂನೂ ಇರಬೇಕಲ್ಲ. ಫ್ಯಾನಿಗೆ ಗಾಳಿ ಊದುವ ಕಡೆ ಮುಖ, ಇನ್ನೊಂದು ಕಡೆ ಬೆನ್ನು. ಹಾಗಾಗಿ ಪೆಟ್ಟಿಗೆಗೆ ಹಾಕಿದ ಫ್ಯಾನೆಲ್ಲ ಬಿಲ್ಲೆಯ ಕಡೆಗೇ ಮುಖ ಮಾಡಬೇಕು, ಒಳಕ್ಕೇ ಊದಬೇಕು. ಮುಂದೆ ಒಂದು ಫ್ಯಾನು ಹಾಕಿದರು, ಒಳಕ್ಕೆ. ಸಾಲಲಿಲ್ಲ. ಮೇಲೆ ಒಂದು, ಒಳಕ್ಕೆ. ಸಾಲಲಿಲ್ಲ. ಕೆಳಗೆ, ಹಿಂದೆ, ಎಲ್ಲವೂ ಒಳಕ್ಕೆ. ಗಾಳಿ ಒಳಗೆ ಬಂತು, ರಾಜನ ಮುಖ ಕಂಡಿತು, ಕೈಮುಗಿದು ನಿಂತಿತು. ಇನ್ನಷ್ಟು ಗಾಳಿ ಬಂತು, ಅದೂ ಪಕ್ಕದಲ್ಲಿ ನಿಂತಿತು. ನಿಂತ ಗಾಳಿ ಕಾದು, ಬೆವತು, ಒಂದನ್ನೊಂದು ಮೊಣಕೈಯಲ್ಲಿ ತಿವಿಯತೊಡಗಿತು. ಪೆಟ್ಟಿಗೆ ಪೂರಿಯ ಹಾಗೆ ಉಬ್ಬಿತು. ಫ್ಯಾನು ಹಾಕಲು ಬಂದವರೂ ಹೊರಗೆ ಹೋಗಲಾಗದೆ ಒಳಗೇ ಚಾಪೆ ಹಾಸಿದರು.

ಇಂಥ ಊರಿಗೆ ಮಾಳವ್ವ ಬಂದಳು. ಹಳೇ ಬಟ್ಟೆ ತಗೊಂಡು ಪಾತ್ರೆ ಕೊಡುವುದು ಅವಳ ಕಸುಬು. ಒಂದು ಊರಲ್ಲಿ ಎರಡನೇ ರಾತ್ರಿ ಮಲಗಿದವಳಲ್ಲ. ಮಲಗಿದರೆ ಬೆನ್ನಿಗೆ ಬೇರು ಬರುತ್ತದೆ ಅನ್ನುತ್ತಿದ್ದಳು. ಅವಳ ಮನೆ, ಮಠ, ಅಂಗಡಿ ಎಲ್ಲ ಒಂದು ಕತ್ತೆ. ಅದರ ಹೆಸರು ಸಾವ್ಕಾರ. ಸಾವ್ಕಾರನಿಗೆ ಒಂದೇ ದುರ್ಗುಣ. ಮೂಲಂಗಿ ಸೊಪ್ಪು ತೋರಿಸಿದವರ ಹಿಂದೆ ಹೋಗಿಬಿಡುತ್ತಿದ್ದ, ಪಾತ್ರೆ ಸಮೇತ. ಅವನನ್ನು ಅರಮನೆ ಮುಂದಿನ ಹುಣಸೆಮರಕ್ಕೆ ಸಡಿಲವಾಗಿ ಕಟ್ಟಿ, ಈಗ ಬಂದೆ ಅಂತ ಹೇಳಿ ಮಾಳವ್ವ ಒಳಗೆ ಹೋದಳು. ರಾಣಿಯ ರೇಷ್ಮೆ ಸೀರೆಗಳಿಗೆ ಒಂದು ಸ್ಟೀಲ್ ಜಗ್ಗು ಕೊಟ್ಟು, ರಾಣಿಗೇ ಲಾಭ ಅಂತ ನಂಬಿಸಿ, ಗಂಟು ಹೆಗಲಿಗೇರಿಸಿ ತಿರುಗುವುದರಲ್ಲಿದ್ದಳು. ಬಾಗಿಲು ಕಾಯುವ ಲಕ್ಕಣ್ಣ ಅವಳ ಭುಜ ಹಿಡಿದ.

“ಏನವ್ವ, ಎತ್ತ ತಿರುಗ್ತಾ ಇದ್ದೀಯ?”

“ಹೊರಕ್ಕೆ ಕಣಪ್ಪ. ಕತ್ತೆ ಕಾಯ್ತಾ ಐತೆ.”

“ಕಾಯಲಿ ಬಿಡು. ನನ್ನ ಹೆಂಡ್ತೀನೂ ಕಾಯ್ತಾ ಅವಳೆ. ಇಲ್ಲೇ, ಎರಡನೇ ಮನೆ. ಅವಳ ಸಾರಿನ ವಾಸನೆ ಬರ್ತದೆ, ನಾನು ಹೋಗಂಗಿಲ್ಲ.”

ಅವನು ಕಾನೂನು ವಿವರಿಸಿದ. ಮಾಳವ್ವ ನಗಾಡಿದಳು. ಹಿಂದು ಹಿಂದಕ್ಕೆ ನಡೆದು ನೋಡಿದಳು, ಕ್ಷೌರದವನ ಗಡ್ಡಕ್ಕೆ ಎಡವಿ ಬಿದ್ದಳು. ಎದ್ದು ಕೂತಳು. ಆಗ ಹೊರಗಿನಿಂದ ಸಾವ್ಕಾರನ ಕೂಗು ಕೇಳಿತು. ಹಸಿವಿನ ಕೂಗು ಬೇರೆ, ಸೋಮಾರಿತನದ ಕೂಗು ಬೇರೆ. ಇದು ಮೂಲಂಗಿ ಕಂಡ ಕೂಗು. ಯಾರೋ ಸೊಪ್ಪು ತೋರಿಸುತ್ತಿದ್ದಾರೆ. ಮಾಳವ್ವನ ನಗು ಅಲ್ಲಿಗೆ ನಿಂತಿತು.

ಅದೇ ಹೊತ್ತಿಗೆ ಪೆಟ್ಟಿಗೆ ಮತ್ತೆ ಮೂರ್ಛೆ ಹೋಯಿತು. ಎದುರಪ್ಪರಾಜ ಕಿರೀಟ ತೆಗೆದು ಮಡಿಲಲ್ಲಿಟ್ಟುಕೊಂಡು ಗೋಳೋ ಅಂತ ಅತ್ತ. ಕಳಾವರ್ ರಾಣಿಯನ್ನು ಕೂರಿಸಿಕೊಟ್ಟವರಿಗೆ ಕೇಳಿದ್ದು ಕೊಡುತ್ತೇನೆ ಅಂದ. ಪಕ್ಕದಲ್ಲಿದ್ದ ಅವನ ರಾಣಿ ತಾನು ಕೂತೇ ಇದ್ದೇನಲ್ಲ ಅಂದದ್ದು ಯಾರಿಗೂ ಕೇಳಲಿಲ್ಲ.

ಮಾಳವ್ವ ತನಗೆ ಹೊರಗೆ ಹೋಗಬೇಕು, ಬೇರೇನೂ ಬೇಡ ಅಂದಳು. ರಾಜ ಕಣ್ಣೊರೆಸಿಕೊಂಡು ಯೋಚಿಸಿದ. ಹೋಗಬಹುದು ಅಂದ. ಆದರೆ ಬೆನ್ನು ತೋರಿಸಬಾರದು. ಹಿಂದು ಹಿಂದಕ್ಕೂ ನಡೆಯಬಾರದು, ಬಿದ್ದರೆ ಸದ್ದಾಗಿ ಆಟ ಕೆಡುತ್ತದೆ. ಅಡ್ಡಡ್ಡ ಏಡಿಯ ಹಾಗೂ ಹೋಗಬಾರದು, ಅದು ನೋಡಲು ಚೆನ್ನಾಗಿರುವುದಿಲ್ಲ. ಉಳಿದಂತೆ ಹೇಗೆ ಬೇಕಾದರೂ ಹೋಗಲಿ.

“ಆಗಲಿ ಬುದ್ಧಿ,” ಅಂದಳು ಮಾಳವ್ವ. ಹೊರಗೆ ಸಾವ್ಕಾರ ಇನ್ನೊಮ್ಮೆ ಕೂಗಿದ.

ಅವಳು ಪೆಟ್ಟಿಗೆಯ ಪಕ್ಕದ ತಗಡು ಬಿಚ್ಚಿದಳು. ಒಳಗಿನ ವೈರುಗಳು ಮದುವೆ ಮನೆಯ ನೆಂಟರ ಹಾಗೆ ದಾರಿಗೆ ಅಡ್ಡ ಕಾಲು ಚಾಚಿಕೊಂಡು ಬಿದ್ದಿದ್ದವು. ರಾಣಿಯ ಸೀರೆಯ ಅಂಚು ಹರಿದು, ಅವನ್ನೆಲ್ಲ ಕಂತೆ ಕಟ್ಟಿ ಮೂಲೆಗೆ ಒತ್ತಿದಳು. ಪೆಟ್ಟಿಗೆಗೆ ಅರೆ ಎಚ್ಚರವಾಯಿತು. ಏನಾಗಿದೆ ಅಂತ ಕೇಳಿದಳು.

“ಬರೋರೇ ಎಲ್ಲ ಕಣವ್ವ, ಹೋಗೋರಿಲ್ಲ,” ಅಂತು ಪೆಟ್ಟಿಗೆ.

ನನ್ನದೂ ಅದೇ ಕಾಯಿಲೆ ಅಂದಳು ಮಾಳವ್ವ.

ಹಿಂದಿನ ಫ್ಯಾನು ಇದನ್ನು ಕೇಳಿಸಿಕೊಂಡು ಉಸಿರು ಬಿಟ್ಟಿತು. ಪಾಪ, ಒಳಕ್ಕೇ ಬಿಟ್ಟಿತು, ಅದಕ್ಕೆ ಬೇರೆ ಗೊತ್ತಿಲ್ಲ. ತನ್ನ ಹಿಂದೆ ಒಂದು ಕಿಟಕಿ ಇದೆಯಂತೆ, ಕಿಟಕಿಯಲ್ಲಿ ಆಕಾಶ ಅಂತ ಏನೋ ಇದೆಯಂತೆ ಅಂತ ಹೇಳಿತು. ಬಿಸಿಲು ಬೆನ್ನಿಗೆ ಗೊತ್ತು, ಮುಖಕ್ಕೆ ಗೊತ್ತಿಲ್ಲ.

“ತಿರುಗಿ ಕೂತ್ಕೋ ಮತ್ತೆ,” ಅಂದಳು ಮಾಳವ್ವ.

“ಬೆನ್ನು ಕಾಣ್ತದಲ್ಲವ್ವ.”

ಮಾಳವ್ವ ಎಲೆಯಡಿಕೆ ಚೀಲದಿಂದ ಕಾಡಿಗೆ ಡಬ್ಬಿ ತೆಗೆದಳು. ಫ್ಯಾನಿನ ಬೆನ್ನಿನ ನಡುವೆ ಒಂದು ದುಂಡು ಜಾಗವಿತ್ತು. ಅದರ ಮೇಲೆ ಎರಡು ಕಣ್ಣು, ಒಂದು ಮೂಗು, ಒಂದು ಮೀಸೆ ಬರೆದಳು. ಅವಳಿಗೆ ಚಿತ್ರ ಬರುವುದಿಲ್ಲ. ಮೀಸೆ ಬಂದ ಕುಂಬಳಕಾಯಿಯ ಹಾಗಾಯಿತು. ರಾಜ ಬಗ್ಗಿ ನೋಡಿ, ಯಾರಿದು ಅಂದ. ತಾವೇ ಅಂದಳು ಮಾಳವ್ವ. ನಾನೇ ಅಂತ ಹೇಗೆ ಗೊತ್ತು ಅಂದ ರಾಜ.

“ಅಲ್ಲ ಅನ್ನೋ ಧೈರ್ಯ ಇಲ್ಲಿ ಯಾರಿಗಾದ್ರೂ ಐತಾ, ಕೇಳಿ ನೋಡಿ ಬುದ್ಧಿ.”

ರಾಜ ಸುತ್ತ ನೋಡಿದ. ಯಾರೂ ತುಟಿ ಬಿಚ್ಚಲಿಲ್ಲ. ಆದ್ದರಿಂದ ಅದು ರಾಜನ ಮುಖವೇ ಆಯಿತು. ಫ್ಯಾನಿನ ಬೆನ್ನ ಮೇಲೆ ರಾಜನ ಮುಖ ಇದ್ದಮೇಲೆ ಅದು ಬೆನ್ನೇ ಅಲ್ಲ. ಬೆನ್ನೇ ಅಲ್ಲ ಅಂದಮೇಲೆ ತೋರಿಸಿದರೆ ತಪ್ಪೇನು? ಹಿಂದಿನ ಫ್ಯಾನನ್ನು ಬಿಚ್ಚಿ ತಿರುಗಿಸಿ ಕೂರಿಸಿದಳು.

ಫ್ಯಾನು ಕಿಟಕಿ ನೋಡಿತು. ಆಕಾಶ ನೋಡಿತು. ಅಬ್ಬಾ ಅಂದಿತು. ಆ ಅಬ್ಬಾ ಹೊರಕ್ಕೆ ಹೋಯಿತು. ಅದರ ಹಿಂದೆ, ಅಷ್ಟು ಕಾಲ ಕೈಮುಗಿದು ನಿಂತಿದ್ದ ಗಾಳಿ ಬಸ್ಸು ಸಿಕ್ಕವರ ಹಾಗೆ ನುಗ್ಗಿ ಹೋಯಿತು.

ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಆಕಾಶದ ಸುದ್ದಿ ಕೇಳಿ ಉಳಿದ ಫ್ಯಾನುಗಳಿಗೂ ಹೊಟ್ಟೆ ಉರಿಯಿತು. ನಮಗೂ ಮುಖ ಬರಿ ಅಂತ ಗಲಾಟೆ ಎಬ್ಬಿಸಿದವು. ಕತ್ತೆಯ ಚಿಂತೆಯಲ್ಲಿದ್ದ ಮಾಳವ್ವ ಸರಸರ ಬರೆದು ಎಲ್ಲವನ್ನೂ ತಿರುಗಿಸಿಬಿಟ್ಟಳು. ಎಲ್ಲವೂ ಹೊರಕ್ಕೆ ಊದಿದವು. ಈಗ ಒಳಗೆ ಬರುವ ಗಾಳಿಯೇ ಇಲ್ಲ. ಪೆಟ್ಟಿಗೆಯ ಕೆನ್ನೆ ಗುಳಿಬಿದ್ದು, ಅದು ಸಂದುಗೊಂದಿನಿಂದೆಲ್ಲ ದೂಳು, ಕೂದಲು, ರಾಣಿಯ ಮೂಗುತಿ ಎಳೆದುಕೊಳ್ಳತೊಡಗಿತು. “ಹೋಗೋರೇ ಎಲ್ಲ ಕಣವ್ವ, ಬರೋರಿಲ್ಲ,” ಅಂತು.

ಯಾರಾದರೂ ಒಳಕ್ಕೆ ತಿರುಗಬೇಕು ಅಂದರೆ ಒಂದೂ ಒಪ್ಪಲಿಲ್ಲ. ಆಗ ಮಾಳವ್ವ ಮುಂದಿನ ಫ್ಯಾನಿನ ಕಿವಿಯಲ್ಲಿ, ಒಳಗೆ ಬರುವ ಗಾಳಿ ಊರ ಸುದ್ದಿಯನ್ನೆಲ್ಲ ಹೊತ್ತು ತರುತ್ತದೆ, ಯಾರ ಮನೆಯಲ್ಲಿ ಜಗಳ, ಯಾರು ಯಾರ ಜೊತೆ ಓಡಿಹೋದರು, ಎಲ್ಲ ಮೊದಲು ನಿನಗೇ ಸಿಗುತ್ತದೆ ಅಂದಳು. ಮುಂದಿನ ಫ್ಯಾನು ಮಾತು ಮುಗಿಯುವ ಮೊದಲೇ ತಿರುಗಿ ಕೂತಿತು. ಕೆಳಗಿನದು, ಸ್ವಲ್ಪ ತಗ್ಗಿ ಕೇಳಿಸಿಕೊಂಡು, ತಾನೂ ತಿರುಗಿತು. ಹಿಂದಿನದು, ಮೇಲಿನದು ಆಕಾಶ ನೋಡುತ್ತ ಉಳಿದವು. ತಂಪು ಗಾಳಿ ಮುಂದಿನಿಂದ, ಕೆಳಗಿನಿಂದ ಬಂತು, ಬಿಲ್ಲೆಯ ಮೇಲಿನ ರಾಜನ ಕೆನ್ನೆ ಸವರಿತು, ನಿಲ್ಲಲಿಲ್ಲ, ಹಿಂದಿನಿಂದ, ಮೇಲಿನಿಂದ ಹೋಯಿತು.

ಪೆಟ್ಟಿಗೆ ಮಡಕೆಯ ನೀರಿನಷ್ಟು ತಣ್ಣಗಾಯಿತು. ರಾಜ ಎಲೆ ಇಟ್ಟ, ಎಲೆ ಇಟ್ಟ, ಎಲೆ ಇಟ್ಟ. ಇಡೀ ಅರಮನೆ ಉಸಿರು ಬಿಗಿಹಿಡಿಯಿತು. ಕಳಾವರ್ ರಾಣಿ ಬಂದಳು, ಸೆರಗು ಸರಿಮಾಡಿಕೊಂಡು ಕೂತಳು. ರಾಜ ಗೆದ್ದ. ಗೆದ್ದಮೇಲೆ ಏನು ಮಾಡಬೇಕು ಅಂತ ಮಾತ್ರ ಅವನು ಯಾವತ್ತೂ ಯೋಚಿಸಿರಲಿಲ್ಲ.

ಸಾವ್ಕಾರ ಕೂಗಿದ. ಈ ಸಲ ಕೂಗು ದೂರದಿಂದ ಬಂತು.

ಮಾಳವ್ವ ಹಾಲಿನವಳ ಕೈಗೆ ಕಾಡಿಗೆ ಡಬ್ಬಿ ಕೊಟ್ಟು, ತನ್ನ ಬೆನ್ನ ಮೇಲೆ ಬೇಗ ರಾಜನ ಮುಖ ಬರಿ ಅಂದಳು. ಬರೆಸಿಕೊಂಡು ತಿರುಗಿ ನೆಟ್ಟಗೆ ಬಾಗಿಲ ಕಡೆ ನಡೆದಳು. ರಾಜ, ಏ, ಬೆನ್ನು, ಅಂತ ಬಾಯಿ ತೆರೆದ. ಲಕ್ಕಣ್ಣ ಕೈಮುಗಿದು ಹೇಳಿದ: “ಬುದ್ಧಿ, ಅಲ್ಲಿ ಹೋಗ್ತಾ ಇರೋದು ತಾವೇ. ತಮಗೆ ಅಡ್ಡ ನಿಲ್ಲೋಕೆ ನಾನ್ಯಾರು?” ಹೇಳಿದವನೇ ಅಂಗಿ ಎತ್ತಿ ಹಾಲಿನವಳಿಗೆ ತನ್ನ ಬೆನ್ನೂ ಕೊಟ್ಟ. ಆಮೇಲೆ ಕ್ಷೌರದವನು, ಫ್ಯಾನು ಹಾಕಿದವರು, ಹಾಲಿನವಳ ಮಗು, ಕೊನೆಗೆ ರಾಣಿ. ಒಬ್ಬರ ಬೆನ್ನಿಗೆ ಒಬ್ಬರು ಬರೆದುಕೊಂಡು ಹೊರಟರು.

ಎದುರಪ್ಪರಾಜ ಸಿಂಹಾಸನದಲ್ಲಿ ಕೂತು ನೋಡಿದ. ತಾನು ಹೋಗುತ್ತಿದ್ದಾನೆ. ತಾನು, ತಾನು, ತಾನು. ಕುಂಬಳಕಾಯಿಯಂಥ ತಾನು, ಬದನೆಕಾಯಿಯಂಥ ತಾನು. ಅರಮನೆ ಖಾಲಿಯಾಯಿತು, ತಣ್ಣಗೆ ಗಾಳಿ ಆಡಿತು. ನಾನೆಲ್ಲ ಹೋದಮೇಲೆ ಇಲ್ಲಿ ಕೂತವನು ಯಾರು ಅಂತ ಅವನಿಗೆ ಭಯವಾಯಿತು. ಎದ್ದು ತನ್ನ ಹಿಂದೆ ತಾನೇ ಓಡಿದ.

ಹೊರಗೆ ಹುಣಸೆಮರದ ಬುಡದಲ್ಲಿ ಕತ್ತೆ ಇರಲಿಲ್ಲ. ಎರಡನೇ ಮನೆಯ ಹೊಸ್ತಿಲಲ್ಲಿತ್ತು. ಲಕ್ಕಣ್ಣನ ಹೆಂಡತಿ ನಿಂಗಾಜಮ್ಮ ಮೂಲಂಗಿ ಸೊಪ್ಪು ತೋರಿಸಿ ಅದನ್ನು ಒಳಗೆ ಕರೆಯುತ್ತಿದ್ದಳು. ಗಂಡ ಬರುವ ಹಾಗೆ ಕಾಣಲಿಲ್ಲ, ಇದಾದರೂ ಇರಲಿ ಅನ್ನಿಸಿತಂತೆ. ಮಾಳವ್ವ ಓಡಿಬಂದು ಹಗ್ಗ ಹಿಡಿದಳು. ಲಕ್ಕಣ್ಣನೂ ಬಂದು ನಿಂತ. ನಿಂಗಾಜಮ್ಮ ಗಂಡನನ್ನು ನೋಡಿದಳು, ಕತ್ತೆಯನ್ನು ನೋಡಿದಳು, ಇನ್ನೊಮ್ಮೆ ಗಂಡನನ್ನು ನೋಡಿದಳು. ಸಾರು ಆರುತ್ತಿತ್ತು. ಇರಲಿ ಅಂತ ಗಂಡನನ್ನೇ ಒಳಗೆ ಕರೆದಳು.

ಅಷ್ಟರಲ್ಲಿ ರಾಜ ಏದುಸಿರು ಬಿಡುತ್ತ ಬಂದ. ಸಾವ್ಕಾರ ಅವನಿಗೆ ನೇರವಾಗಿ ಬೆನ್ನು ತಿರುಗಿಸಿ ನಿಂತಿದ್ದ. ಆ ಬೆನ್ನ ಮೇಲೆ ಯಾರ ಮುಖವೂ ಇರಲಿಲ್ಲ. ಮಾಳವ್ವನ ಕೈಯಲ್ಲಿ ಹಗ್ಗ ಬಿಗಿಯಾಯಿತು. ಸಾವ್ಕಾರ ನಿಧಾನವಾಗಿ ಬಾಲ ಬೀಸಿದ. ಒಂದು ಸಲ ಈ ಕಡೆ, ಒಂದು ಸಲ ಆ ಕಡೆ. ರಾಜನ ಬೆವತ ಮುಖಕ್ಕೆ ಗಾಳಿ ತಾಗಿತು. ಅವನು ಕಣ್ಣು ಮುಚ್ಚಿಕೊಂಡ.

“ತಂಪಾಗಿದೆ,” ಅಂದ ರಾಜ. “ಇದೂ ಫ್ಯಾನೇ?”

“ಹೌದು ಬುದ್ಧಿ,” ಅಂದಳು ಮಾಳವ್ವ. “ಇದು ಹೊರಕ್ಕೆ ಊದೋದು. ಅಷ್ಟು ಹತ್ತಿರ ನಿಲ್ಲಬೇಡಿ.”

ಹೇಳಿ, ಗಂಟು ಏರಿಸಿ, ಪಾತ್ರೆ ಗಣಗಣ ಅನ್ನಿಸುತ್ತ ಮುಂದಿನ ಊರಿಗೆ ಹೊರಟುಹೋದಳು.

ಇದರಿಂದ ತಿಳಿಯಬೇಕಾದ್ದು ಇಷ್ಟು. ಪೆಟ್ಟಿಗೆಗೆ ಮುಂದಿನಿಂದ ಗಾಳಿ ಬರಲಿ, ಹಿಂದಿನಿಂದ ಹೋಗಲಿ, ವೈರು ಮೂಲೆಗಿರಲಿ, ಫ್ಯಾನಿಗೆ ಮರ್ಯಾದೆ ಕಲಿಸುವುದು ಬೇಡ. ಕತೆ ಬಂದ ದಾರಿ ಮುಂಬಾಗಿಲು, ಹೋದ ದಾರಿ ಹಿತ್ತಲು. ಕೇಳಿದವರು ಇನ್ನು ಏಳಬಹುದು, ಬೆನ್ನು ತೋರಿಸಿಯೇ ಹೋಗಬಹುದು. ಕತೆಗೆ ಬೇಸರವಿಲ್ಲ.